ಸಿಡುಕುವ ಕರುಳು, ಉರಿಯುವ ಕರುಳು

ಕೆಲವು ವಿಷಯಗಳನ್ನು ಕುರಿತು ಸಭ್ಯರು ನಾಲ್ಕು ಜನರ ನಡುವೆ ಮಾತನಾಡುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಂತೂ ಬರೆಯುವುದೇ ಇಲ್ಲ. ಹಂಪೆಯ ಪ್ರವಾಸ, ಬೆಳದಿಂಗಳ ರಾತ್ರಿ, ಕುಮಾರವ್ಯಾಸನ ರೂಪಕಗಳು, ವಿದ್ಯಾರ್ಥಿಗಳೂ ಶಿಸ್ತೂ - ಇವು ಸಂಚಿಕೆಗೆ ಒಪ್ಪುವ ವಿಷಯಗಳು. ನಾನು ಬರೆಯಹೊರಟಿರುವುದು ಹೊಟ್ಟೆಯ ವಿಷಯ. ಅದರಲ್ಲಿಯೂ ಹೊಟ್ಟೆಯ ಕೆಳಭಾಗದ ವಿಷಯ. ಸಂಪಾದಕರಾದ ನಮ್ಮ ಅಧ್ಯಾಪಕರು ಮೊದಲು ಹುಬ್ಬೇರಿಸಿದರು. “ಕಲಾ ವಿಭಾಗದ ಹುಡುಗ ನೀನು, ನಿನಗೇಕಪ್ಪಾ ಈ ವೈದ್ಯ?” ಎಂದರು. ಕಾರಣವನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದು ತಾ” ಎಂದರು. ಆ ಕಾರಣವನ್ನೇ ವಾಚಕರಿಗೂ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನನಗೆ ಪಿ.ಯು.ಸಿ. ದಿನಗಳಿಂದಲೂ ಒಂದು ಬಾಧೆಯುಂಟು. ಪರೀಕ್ಷೆಯ ದಿನ ಬೆಳಗಾಯಿತೆಂದರೆ ಹೊಟ್ಟೆಯಲ್ಲಿ ಮುರಿತ ಮೊದಲಾಗುತ್ತದೆ. ಹಾಲ್ ಟಿಕೆಟ್ಟನ್ನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಮೂರು ಸಲ ಶೌಚಕ್ಕೆ ಓಡಿರುತ್ತೇನೆ. ಹೋಗಿಬಂದೊಡನೆ ನೋವು ಇಳಿಯುತ್ತದೆ. ಕೆಲವು ವಾರ ಇದಕ್ಕೆ ತದ್ವಿರುದ್ಧ. ಮೂರು ದಿನ ಕಳೆದರೂ ಹೊಟ್ಟೆ ಅಲುಗುವುದಿಲ್ಲ, ತಮಟೆಯಂತೆ ಉಬ್ಬಿರುತ್ತದೆ. ಮನೆಯವರ ಒತ್ತಾಯಕ್ಕೆ ವೈದ್ಯರೊಬ್ಬರಲ್ಲಿಗೆ ಹೋದೆ. ಅವರು ಸಾವಧಾನವಾಗಿ ಎಲ್ಲವನ್ನೂ ಕೇಳಿ, ರಕ್ತ ಮತ್ತು ಮಲದ ಪರೀಕ್ಷೆ ಮಾಡಿಸಿ, “ಇದಕ್ಕೆ ಐ.ಬಿ.ಎಸ್. ಎನ್ನುತ್ತಾರೆ. ಕಾಟ ಕೊಡುತ್ತದೆ, ಆದರೆ ಅಪಾಯ ಮಾಡುವುದಿಲ್ಲ” ಎಂದು ಧೈರ್ಯ ಹೇಳಿ ಕಳುಹಿಸಿದರು.

ಮರುವರ್ಷ ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಗೆಳೆಯನಿಗೂ ಹೀಗೆಯೇ ಆಗತೊಡಗಿತು. ಅವನು ದಿನಕ್ಕೆ ನಾಲ್ಕು ಸಲ, ಐದು ಸಲ ಓಡುವುದನ್ನು ಕಂಡು ನಾನು ನಕ್ಕೆ. “ಏನೋ, ನಿನಗೂ ಶುರುವಾಯಿತೇ?” ಎಂದೆ. “ಹೂಂ ಕಣೋ, ನಿನ್ನ ಗಾಳಿ ಬೀಸಿತು” ಎಂದು ಅವನೂ ನಕ್ಕ. ನಾನು ಅನುಭವಸ್ಥನ ಗತ್ತಿನಲ್ಲಿ, “ಹೆದರಬೇಡ, ನನಗಿರುವುದೇ ನಿನಗೂ ಇರುವುದು. ಮಜ್ಜಿಗೆ ಕುಡಿ, ಪರೀಕ್ಷೆ ಮುಗಿದರೆ ತಾನೇ ಸರಿಹೋಗುತ್ತದೆ” ಎಂದು ಉಪದೇಶ ಮಾಡಿದೆ. ಪರೀಕ್ಷೆ ಮುಗಿಯಿತು, ಅವನ ಓಡಾಟ ಮುಗಿಯಲಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದ ಸದ್ದು ಕೇಳಿಸುತ್ತಿತ್ತು. ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಏಳು ತಿಂಗಳು ಹೀಗೆ ನಡೆಯಿತು. ಒಂದು ದಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತಿದ್ದವನು ನಿಂತಲ್ಲಿಯೇ ಕುಸಿದುಬಿದ್ದ.

ಆಸ್ಪತ್ರೆಯಲ್ಲಿ ಅವನ ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿದೆಯೆಂದು ತಿಳಿಯಿತು. ಕೊಳವೆಯಿಟ್ಟು ಪರೀಕ್ಷಿಸಿದಾಗ ದೊಡ್ಡ ಕರುಳಿನ ಒಳಮೈಯೆಲ್ಲ ಹುಣ್ಣಾಗಿತ್ತು. ವೈದ್ಯರು, “ಮಲದಲ್ಲಿ ರಕ್ತ ಹೋಗುತ್ತಿರಲಿಲ್ಲವೇ? ಯಾರಿಗೂ ಹೇಳಲಿಲ್ಲವೇ?” ಎಂದು ಕೇಳಿದರು. ಅವನು, “ಹೋಗುತ್ತಿತ್ತು ಸಾರ್. ಮೂಲವ್ಯಾಧಿ ಇರಬಹುದು ಅಂದುಕೊಂಡೆ. ಭೇದಿ ಇವನಿಗೂ ಆಗುತ್ತೆ, ಏನೂ ಆಗಲ್ಲ ಅಂತ ಇವನು ಹೇಳಿದ್ದ” ಎಂದು ನನ್ನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅವನಿಗಿದ್ದುದು ಐ.ಬಿ.ಎಸ್. ಅಲ್ಲ, ಐ.ಬಿ.ಡಿ. ಕೇಳುವುದಕ್ಕೆ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಒಂದಕ್ಷರ ತಪ್ಪಿದರೆ ಏನಾಗುವುದೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ಹಾಲು’ ಎನ್ನುವಲ್ಲಿ ನಾಲಗೆ ಸ್ವಲ್ಪ ಮಡಿಚಿದರೆ ‘ಹಾಳು’ ಆಗುತ್ತದೆ. ತರ್ಕಶಾಸ್ತ್ರದ ತರಗತಿಯಲ್ಲಿ ಸಾದೃಶ್ಯಾನುಮಾನದ ದೋಷವನ್ನು ನಾನು ಓದಿದ್ದೆ; ಎರಡು ವಸ್ತುಗಳು ಕೆಲವು ಗುಣಗಳಲ್ಲಿ ಹೋಲುತ್ತವೆಯೆಂದ ಮಾತ್ರಕ್ಕೆ ಎಲ್ಲದರಲ್ಲಿಯೂ ಹೋಲುತ್ತವೆ ಎನ್ನಲಾಗದು. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಬದುಕಿನಲ್ಲಿ ಅದೇ ತಪ್ಪನ್ನು ಮಾಡಿದೆ. ಆ ಮೇಲೆ ವೈದ್ಯರನ್ನು ಕೇಳಿಯೂ ಪುಸ್ತಕಗಳನ್ನು ಓದಿಯೂ ತಿಳಿದುಕೊಂಡುದನ್ನು, ಗೆಳೆಯನ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕರುಳಿನ ಪರಿಚಯ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಮೆತ್ತನೆಯ ಕೊಳವೆ. ಅನ್ನದ ಸಾರವನ್ನು ಹೀರುವುದು ಅದರ ಕೆಲಸ. ಅದರ ಕೊನೆ ಹೊಟ್ಟೆಯ ಬಲಗಡೆ ಕೆಳಮೂಲೆಯಲ್ಲಿ ದೊಡ್ಡ ಕರುಳಿಗೆ ಸೇರುತ್ತದೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿಮಾಡಿ ಹೊರಕ್ಕೆ ಕಳುಹಿಸುವುದು ಅದರ ಕೆಲಸ. ಕರುಳಿನ ಗೋಡೆಯಲ್ಲಿ ಒಳಪೊರೆಯಿದೆ, ಸ್ನಾಯುಗಳಿವೆ, ನರಗಳ ಒಂದು ದೊಡ್ಡ ಬಲೆಯೂ ಇದೆ. ಈ ಬಲೆಯಲ್ಲಿ ಹತ್ತು ಕೋಟಿಗೂ ಮಿಕ್ಕ ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ತಾನೇ ಕರುಳನ್ನು ನಡೆಸಬಲ್ಲ ಶಕ್ತಿ ಅದಕ್ಕುಂಟು. ಆದರೂ ಮಿದುಳಿಗೂ ಅದಕ್ಕೂ ಹಗಲೂ ರಾತ್ರಿಯೂ ಮಾತುಕತೆ ನಡೆದೇ ಇರುತ್ತದೆ. ದುಃಖವಾದಾಗ ‘ಕರುಳು ಕಿತ್ತು ಬಂದಂತಾಯಿತು’ ಎನ್ನುತ್ತೇವೆ. ಮಕ್ಕಳ ಮೇಲಿನ ಮಮತೆಗೆ ‘ಕರುಳಿನ ಕರೆ’ ಎನ್ನುತ್ತೇವೆ. ಈ ನುಡಿಗಟ್ಟುಗಳಲ್ಲಿ ಅಲಂಕಾರ ಮಾತ್ರವಲ್ಲ, ಸ್ವಲ್ಪ ಶರೀರಶಾಸ್ತ್ರವೂ ಇದೆ.

ಐ.ಬಿ.ಎಸ್. ಎಂಬುದು ಈ ಮಾತುಕತೆ ಕೆಟ್ಟದ್ದರ ಫಲ. ಕರುಳಿನಲ್ಲಿ ಗಾಯವಿಲ್ಲ, ಹುಣ್ಣಿಲ್ಲ. ಕೊಳವೆಯಿಟ್ಟು ನೋಡಿದರೆ ಒಳಮೈ ನುಣುಪಾಗಿ ಕಾಣುತ್ತದೆ. ಆದರೆ ಅದು ಸಿಡುಕಿನ ಸ್ವಭಾವದ ಕರುಳು. ಉಳಿದವರ ಕರುಳು ಲೆಕ್ಕಿಸದ ಸಣ್ಣ ಸಂಗತಿಗೂ ಇದು ಕೆರಳುತ್ತದೆ. 1973ರಲ್ಲಿ ರಿಚಿ ಎಂಬ ವೈದ್ಯರು ರೋಗಿಗಳ ದೊಡ್ಡ ಕರುಳಿನೊಳಗೆ ಸಣ್ಣ ಬಲೂನನ್ನಿಟ್ಟು ಗಾಳಿ ತುಂಬಿ ನೋಡಿದರು. ಆರೋಗ್ಯವಂತರಿಗೆ ನೋವೇ ಎನಿಸದ ಗಾತ್ರಕ್ಕೆ ಈ ರೋಗಿಗಳಲ್ಲಿ ಹಲವರು ನೋವೆಂದರು. ‘ಇದೆಲ್ಲ ಮನಸ್ಸಿನ ಭ್ರಮೆ’ ಎಂದು ಇಂಥವರನ್ನು ಮೂದಲಿಸುವವರಿಗೆ ಈ ಪ್ರಯೋಗವೇ ಉತ್ತರ. ನೋವು ನಿಜ; ನೋವಿಗೆ ಕಾರಣ ಗಾಯವಲ್ಲ, ಅಷ್ಟೆ.

ಈ ಸಿಡುಕು ಎಲ್ಲಿಂದ ಬರುತ್ತದೆ? ಕಾರಣ ಒಂದಲ್ಲ. ಚಿಂತೆಯಿಂದ ಹೆಚ್ಚಾಗುವುದು ಎಲ್ಲರೂ ಬಲ್ಲ ಸಂಗತಿ. ಕೆಲವರಲ್ಲಿ ಒಂದು ಸಲದ ವಾಂತಿಭೇದಿಯೇ ಮೂಲವಾಗುತ್ತದೆ. ಕೆನಡಾ ದೇಶದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಿನಲ್ಲಿ ಜಡಿಮಳೆ ಸುರಿದು, ದನದ ಸಗಣಿಯ ನೀರು ಊರಿನ ಕುಡಿಯುವ ಬಾವಿಗೆ ಸೇರಿತು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಅಲ್ಲಿಯ ಜನರನ್ನು ವೈದ್ಯರು ವರ್ಷಗಟ್ಟಲೆ ಗಮನಿಸಿದರು. ಆಗ ಭೇದಿಯಿಂದ ಗುಣವಾದವರಲ್ಲಿ ಐ.ಬಿ.ಎಸ್. ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದಿತು; ಎಂಟು ವರ್ಷಗಳ ಮೇಲೆಯೂ ಅದು ಕೆಲವರನ್ನು ಬಿಟ್ಟಿರಲಿಲ್ಲ. ಹಾಸ್ಟೆಲಿನ ನೀರಿನ ಟ್ಯಾಂಕನ್ನು ತೊಳೆಸಿರೆಂದು ನಾವು ಕೊಡುವ ಅರ್ಜಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಗಾಯವಿಲ್ಲದ ಕಾಯಿಲೆಯನ್ನು ಗುರುತಿಸುವುದು ಹೇಗೆ? ಲಕ್ಷಣಗಳಿಂದ. ಇದಕ್ಕಾಗಿ ವೈದ್ಯರ ಒಂದು ಅಂತರರಾಷ್ಟ್ರೀಯ ಮಂಡಲಿ ನಿಯಮಗಳನ್ನು ರಚಿಸಿದೆ. ರೋಮ್ ನಗರದ ಹೆಸರು ಅವಕ್ಕೆ ಅಂಟಿಕೊಂಡಿದೆ. 2016ರ ನಾಲ್ಕನೆಯ ಆವೃತ್ತಿಯ ಪ್ರಕಾರ, ಕಳೆದ ಮೂರು ತಿಂಗಳಿನಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೆ ಮೂರು ಸಂಬಂಧಗಳಲ್ಲಿ ಎರಡಾದರೂ ಇರಬೇಕು: ಶೌಚದೊಡನೆ ನೋವು ಇಳಿಯುವುದೋ ಏರುವುದೋ ಆಗಬೇಕು, ಶೌಚದ ಸಂಖ್ಯೆ ಬದಲಾಗಬೇಕು, ಮಲದ ರೂಪ ಬದಲಾಗಬೇಕು. ತೊಂದರೆ ಮೊದಲಾಗಿ ಆರು ತಿಂಗಳಾದರೂ ಕಳೆದಿರಬೇಕು. ಮಲದ ರೂಪವನ್ನು ಹೇಳುವುದಕ್ಕೂ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಏಳು ವಿಧಗಳ ಒಂದು ಪಟ್ಟಿ ಮಾಡಿದ್ದಾರೆ. ಒಂದನೆಯದು ಆಡಿನ ಹಿಕ್ಕೆಯಂಥದು, ಏಳನೆಯದು ಬರಿಯ ನೀರು. ಪಂಡಿತರು ಛಂದಸ್ಸಿಗೆ ಲಕ್ಷಣ ಹೇಳಿದಂತೆ ಇವರು ಇದಕ್ಕೂ ಲಕ್ಷಣ ಹೇಳಿದ್ದಾರೆಂದು ನಗಬೇಡಿರಿ. ರೋಗಿ ನಾಚಿಕೊಂಡು ‘ಸರಿಯಾಗಿ ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ವೈದ್ಯನಿಗೆ ಏನು ತಿಳಿಯಬೇಕು? ಪಟ್ಟಿಯಿದ್ದರೆ ಬೆರಳು ತೋರಿಸಿದರೆ ಸಾಕು.

ಇನ್ನು ಐ.ಬಿ.ಡಿ. ಇದು ಉರಿಯೂತದ ಕಾಯಿಲೆ. ಮೈಯನ್ನು ರೋಗಾಣುಗಳಿಂದ ಕಾಯಬೇಕಾದ ರಕ್ಷಣಾಶಕ್ತಿ ಇಲ್ಲಿ ತಪ್ಪು ದಾರಿ ಹಿಡಿದು ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೆಂಪಾಗುವುದು, ಬಾತುಕೊಳ್ಳುವುದು, ಹುಣ್ಣಾಗುವುದು, ರಕ್ತ ಸುರಿಯುವುದು ಇವೆಲ್ಲ ಕಣ್ಣಿಗೆ ಕಾಣುವ ವಿಕಾರಗಳು. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. ಲಂಡನ್ನಿನ ಸ್ಯಾಮುಯೆಲ್ ವಿಲ್ಕ್ಸ್ ಎಂಬ ವೈದ್ಯರು 1859ರಲ್ಲಿ ಇದನ್ನು ವರ್ಣಿಸಿದರು. ಇದು ದೊಡ್ಡ ಕರುಳಿನ ಕಾಯಿಲೆ. ಕೊನೆಯ ಭಾಗವಾದ ಗುದನಾಳದಲ್ಲಿ ಮೊದಲಾಗಿ, ನಡುವೆ ಎಲ್ಲಿಯೂ ಬಿಡದೆ, ಮೇಲುಮೇಲಕ್ಕೆ ಹಬ್ಬುತ್ತದೆ. ಒಳಪೊರೆಯನ್ನು ಮಾತ್ರ ಕೆಡಿಸುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ ಇದರ ಮುಖ್ಯ ಲಕ್ಷಣ. ಶೌಚಕ್ಕೆ ಅವಸರವಾಗುತ್ತದೆ, ಹೋದರೆ ಬರಿಯ ರಕ್ತವೂ ಲೋಳೆಯೂ ಬೀಳುವುದುಂಟು. ನನ್ನ ಗೆಳೆಯನಿಗಿದ್ದುದು ಇದೇ.

ಎರಡನೆಯದು ಕ್ರೋನ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ‍್ರಿಲ್ ಕ್ರೋನ್, ಲಿಯೋನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ಕೂಡಿ ಇದನ್ನು ವಿವರಿಸಿದರು; ಹೆಸರು ಮಾತ್ರ ಒಬ್ಬರ ಪಾಲಾಯಿತು. ಅದಕ್ಕೂ ಮೊದಲು 1913ರಲ್ಲಿಯೇ ಸ್ಕಾಟ್ಲೆಂಡಿನ ಡಾಲ್ಜಿಯೆಲ್ ಎಂಬ ಶಸ್ತ್ರವೈದ್ಯರು ಇಂಥ ರೋಗಿಗಳನ್ನು ವರ್ಣಿಸಿದ್ದರು. ಈ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳಿನ ಕೊನೆ ಇದಕ್ಕೆ ಅತಿ ಪ್ರಿಯವಾದ ಜಾಗ. ಒಂದು ಕಡೆ ಹುಣ್ಣು, ಮುಂದೆ ಒಂದಷ್ಟು ದೂರ ಚೆನ್ನಾಗಿರುವ ಕರುಳು, ಮತ್ತೆ ಹುಣ್ಣು - ಹೀಗೆ ಬಿಟ್ಟು ಬಿಟ್ಟು ಬರುತ್ತದೆ. ಗೋಡೆಯ ಪೂರ್ತಿ ಆಳಕ್ಕೆ ಇಳಿಯುವುದರಿಂದ ಕೆಲವೊಮ್ಮೆ ಕರುಳು ಕಿರಿದಾಗಿ ದಾರಿ ಕಟ್ಟುತ್ತದೆ. ಕೆಲವೊಮ್ಮೆ ತೂತುಬಿದ್ದು ಪಕ್ಕದ ಕರುಳಿಗೋ ಹೊರಚರ್ಮಕ್ಕೋ ಕಳ್ಳದಾರಿ ತೆರೆಯುತ್ತದೆ. ಇದರಲ್ಲಿ ರಕ್ತಕ್ಕಿಂತ ಹೊಟ್ಟೆನೋವು, ಭೇದಿ, ಜ್ವರ, ತೂಕ ಇಳಿಯುವುದು ಇವು ಮುಂದಾಗಿ ಕಾಣಬಹುದು. ಆದುದರಿಂದ ‘ರಕ್ತವಿಲ್ಲ, ಹಾಗಾದರೆ ಐ.ಬಿ.ಎಸ್.’ ಎಂದು ತೀರ್ಮಾನಿಸುವುದೂ ಸರಿಯಲ್ಲ.

ಐ.ಬಿ.ಡಿ. ಹೊರದೇಶದವರ ಕಾಯಿಲೆಯೆಂದು ಒಂದು ಕಾಲದಲ್ಲಿ ಭಾವಿಸಿದ್ದರು. ಈಗ ಹಾಗೆ ಹೇಳುವಂತಿಲ್ಲ. 2017ರ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 68 ಲಕ್ಷ ಜನರಿಗೆ ಈ ಕಾಯಿಲೆಯಿತ್ತು. ನಮ್ಮ ದೇಶದಲ್ಲಿಯೂ ರೋಗಿಗಳ ಸಂಖ್ಯೆ ಏರುತ್ತಿದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತೈದು ವರ್ಷದೊಳಗೆ. ಎಂದರೆ, ಈ ಸಂಚಿಕೆಯನ್ನು ಓದುತ್ತಿರುವ ನಮ್ಮೆಲ್ಲರ ವಯಸ್ಸಿನಲ್ಲಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎರಡರಲ್ಲಿಯೂ ಹೊಟ್ಟೆನೋವುಂಟು, ಭೇದಿಯುಂಟು, ಉಬ್ಬರವುಂಟು. ಎರಡೂ ಬಂದು ಹೋಗಿ ಮಾಡುತ್ತವೆ. ಹೀಗಿರುವಲ್ಲಿ ಬೇರ್ಪಡಿಸುವುದು ಹೇಗೆ? ನನಗೆ ವೈದ್ಯರು ಕೇಳಿದ ಪ್ರಶ್ನೆಗಳನ್ನೇ ಕ್ರಮವಾಗಿ ಕೊಡುತ್ತೇನೆ. ಇವುಗಳಲ್ಲಿ ಒಂದನ್ನಾದರೂ ನಾನು ಗೆಳೆಯನಿಗೆ ಕೇಳಿದ್ದರೆ ಏಳು ತಿಂಗಳು ಹಾಳಾಗುತ್ತಿರಲಿಲ್ಲ.

ಒಂದು: ರಕ್ತ ಬೀಳುತ್ತದೆಯೇ? ಐ.ಬಿ.ಎಸ್.ನಲ್ಲಿ ಲೋಳೆ ಬೀಳಬಹುದು, ರಕ್ತ ಬೀಳುವುದಿಲ್ಲ. ಐ.ಬಿ.ಎಸ್. ಇರುವವನಿಗೆ ಮೂಲವ್ಯಾಧಿಯೂ ಇದ್ದು ರಕ್ತ ಬರಬಹುದು, ನಿಜ. ಆದರೆ ಅದು ಮೂಲವ್ಯಾಧಿಯೇ ಎಂದು ಹೇಳಬೇಕಾದವರು ನೋಡಿದ ವೈದ್ಯರು. ಕೊಠಡಿಯ ಗೆಳೆಯನಲ್ಲ, ಔಷಧದ ಅಂಗಡಿಯವನೂ ಅಲ್ಲ.

ಎರಡು: ನಿದ್ದೆಯಿಂದ ಎಬ್ಬಿಸುತ್ತದೆಯೇ? ಸಿಡುಕಿನ ಕರುಳು ಸಾಮಾನ್ಯವಾಗಿ ಒಡೆಯನೊಡನೆ ತಾನೂ ಮಲಗುತ್ತದೆ. ಬೆಳಗ್ಗೆ ಎದ್ದ ಮೇಲೆ ತನ್ನ ಆಟ ಹೂಡುತ್ತದೆ. ಉರಿಯುವ ಹುಣ್ಣಿಗೆ ಹಗಲಿರುಳಿನ ಭೇದವಿಲ್ಲ. ರಾತ್ರಿ ಎರಡು ಗಂಟೆಯ ಆ ಬಾಗಿಲಿನ ಸದ್ದು ನನಗೆ ಈಗ ಅರ್ಥವಾಗುತ್ತದೆ.

ಮೂರು: ತೂಕ ಇಳಿದಿದೆಯೇ? ಜ್ವರ ಬರುತ್ತದೆಯೇ? ಮುಖ ಬಿಳಿಚಿಕೊಂಡಿದೆಯೇ? ಐ.ಬಿ.ಎಸ್. ಮನುಷ್ಯನನ್ನು ಕಾಡುತ್ತದೆ, ಕರಗಿಸುವುದಿಲ್ಲ. ರಕ್ತಹೀನತೆಯಿದ್ದರೆ ಕಾರಣವನ್ನು ಹುಡುಕಲೇಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ‘ಮುಟ್ಟಿನಿಂದ ಹಾಗಾಗಿದೆ, ಕಬ್ಬಿಣದ ಮಾತ್ರೆ ನುಂಗು’ ಎಂದು ಸುಮ್ಮನಾಗಿಸುವ ರೂಢಿಯಿದೆ. ಭೇದಿಯೂ ಜೊತೆಗಿದ್ದರೆ ಹಾಗೆ ಸುಮ್ಮನಾಗಬಾರದು.

ನಾಲ್ಕು: ಹೊಟ್ಟೆಯ ಹೊರಗೆ ಏನಾದರೂ ಉಂಟೇ? ಐ.ಬಿ.ಡಿ. ಕರುಳಿಗೆ ಮಾತ್ರ ಕಟ್ಟುಬಿದ್ದುದಲ್ಲ. ಕೀಲುಗಳು ಊದಿಕೊಳ್ಳಬಹುದು, ಕಣ್ಣು ಕೆಂಪಾಗಿ ನೋಯಬಹುದು, ಮೊಣಕಾಲಿನ ಕೆಳಗೆ ನೋಯುವ ಕೆಂಪು ಗಂಟುಗಳೇಳಬಹುದು, ಬಾಯಿ ಪದೇಪದೇ ಹುಣ್ಣಾಗಬಹುದು, ಗುದದ ಪಕ್ಕದಲ್ಲಿ ಕೀವು ಒಸರಬಹುದು. ಕೀಲಿಗೆ ಒಬ್ಬ ವೈದ್ಯರು, ಕಣ್ಣಿಗೆ ಒಬ್ಬರು ಎಂದು ಅಲೆಯುವ ರೋಗಿ, ಭೇದಿಯ ಸಂಗತಿಯನ್ನು ಇಬ್ಬರಿಗೂ ಹೇಳದೆ ಬರುವುದೇ ಹೆಚ್ಚು.

ಐದು: ಮನೆಯಲ್ಲಿ ಯಾರಿಗಾದರೂ ಐ.ಬಿ.ಡಿ. ಅಥವಾ ಕರುಳಿನ ಕ್ಯಾನ್ಸರ್ ಬಂದಿತ್ತೇ? ಬಂದಿದ್ದರೆ ಎಚ್ಚರಿಕೆ ಇಮ್ಮಡಿಯಾಗಬೇಕು. ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ ಮೊದಲ ಸಲ ಇಂಥ ತೊಂದರೆ ಕಾಣಿಸಿಕೊಂಡರೂ ಹಾಗೆಯೇ. ಈ ಮಾತು ನಮ್ಮ ಅಧ್ಯಾಪಕರಿಗೆ.

ಈ ಐದರಲ್ಲಿ ಒಂದಕ್ಕೆ ‘ಹೌದು’ ಎಂದ ಮಾತ್ರಕ್ಕೆ ಐ.ಬಿ.ಡಿ. ಎಂದು ಅರ್ಥವಲ್ಲ, ಪರೀಕ್ಷೆ ಮಾಡಿಸಬೇಕೆಂದು ಅರ್ಥ. ರಕ್ತ ಪರೀಕ್ಷೆಯಿಂದ ರಕ್ತಹೀನತೆಯೂ ಉರಿಯೂತದ ಗುರುತುಗಳೂ ತಿಳಿಯುತ್ತವೆ. ಮಲ ಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬುದೊಂದಿದೆ. ಇದು ಬಿಳಿ ರಕ್ತಕಣಗಳೊಳಗಿರುವ ಒಂದು ಪ್ರೋಟೀನು. ಕರುಳಿನಲ್ಲಿ ಉರಿಯೂತವಾದರೆ ಬಿಳಿ ಕಣಗಳು ಅಲ್ಲಿಗೆ ನುಗ್ಗುತ್ತವೆ, ಈ ಪ್ರೋಟೀನು ಮಲದಲ್ಲಿ ಇಳಿಯುತ್ತದೆ. ಒಂದು ಗ್ರಾಂ ಮಲದಲ್ಲಿ ಇದು 50 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಐ.ಬಿ.ಡಿ. ಇರುವ ಸಂಭವ ಕಡಿಮೆ. ಹೆಚ್ಚಾಗಿದ್ದರೆ ಉರಿಯೂತವಿದೆಯೆಂದಷ್ಟೇ ಹೇಳಬಹುದು; ಸೋಂಕಿನ ಭೇದಿಯಲ್ಲಿಯೂ, ಕೆಲವು ನೋವುನಿವಾರಕ ಮಾತ್ರೆಗಳನ್ನು ನುಂಗಿದಾಗಲೂ ಅದು ಏರುತ್ತದೆ. ಹೊಗೆ ಕಂಡರೆ ಬೆಂಕಿಯಿದೆಯೆನ್ನಬಹುದು. ಅಡಿಗೆಯ ಒಲೆಯೋ ಹುಲ್ಲಿನ ಬಣವೆಯೋ ಎಂದು ತಿಳಿಯಲು ಹೋಗಿ ನೋಡಬೇಕು. ಹಾಗೆ ಹೋಗಿ ನೋಡುವುದೇ ಕೊಲೊನೋಸ್ಕೊಪಿ. ಬಾಗುವ ಕೊಳವೆಯ ತುದಿಯ ಕ್ಯಾಮೆರಾದಿಂದ ದೊಡ್ಡ ಕರುಳನ್ನೂ ಸಣ್ಣ ಕರುಳಿನ ಕೊನೆಯನ್ನೂ ನೋಡಿ, ಒಂದೆರಡು ಚೂರು ಅಂಗಾಂಶವನ್ನು ತೆಗೆದು ಸೂಕ್ಷ್ಮದರ್ಶಕಕ್ಕೆ ಕಳುಹಿಸುತ್ತಾರೆ.

ಇಷ್ಟಕ್ಕೆ ಕಥೆ ಮುಗಿಯುವುದು ಇತರ ದೇಶಗಳಲ್ಲಿ. ನಮ್ಮ ದೇಶದಲ್ಲಿ ಇನ್ನೊಂದು ಅಧ್ಯಾಯವಿದೆ. ಅದರ ಹೆಸರು ಕ್ಷಯ. ಕ್ಷಯವೆಂದೊಡನೆ ನಮಗೆ ಶ್ವಾಸಕೋಶ, ಕೆಮ್ಮು ನೆನಪಾಗುತ್ತವೆ. ಆದರೆ ಕ್ಷಯದ ರೋಗಾಣು ಕರುಳಿಗೂ ಬೀಳುತ್ತದೆ. ಅದರ ಪ್ರಿಯವಾದ ಜಾಗವೂ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಆ ಬಲಗಡೆಯ ಮೂಲೆಯೇ. ಅದೇ ಹುಣ್ಣು, ಅದೇ ಕಿರಿದಾಗುವ ಕರುಳು, ಅದೇ ಹೊಟ್ಟೆನೋವು, ಅದೇ ತೂಕದ ಇಳಿತ. ಕೊಳವೆಯಿಟ್ಟು ನೋಡಿದ ಅನುಭವಿ ವೈದ್ಯರಿಗೂ ಕ್ರೋನ್ ಯಾವುದು, ಕ್ಷಯ ಯಾವುದು ಎಂದು ಹಲವು ಸಲ ಕೂಡಲೇ ಹೇಳಲಾಗುವುದಿಲ್ಲ. ಸಂಜೆಯ ಜ್ವರ, ಹೊಟ್ಟೆಯಲ್ಲಿ ನೀರು ತುಂಬುವುದು, ಶ್ವಾಸಕೋಶದ ಚಿತ್ರದಲ್ಲಿ ಕ್ಷಯದ ಗುರುತು ಇವು ಕ್ಷಯದ ಕಡೆ ಬೆರಳು ತೋರಿಸುತ್ತವೆ. ಮಲದಲ್ಲಿ ರಕ್ತ, ಗುದದ ಪಕ್ಕದ ಹುಣ್ಣು, ಕೀಲುನೋವು, ವರ್ಷಗಟ್ಟಲೆಯ ಚರಿತ್ರೆ ಇವು ಕ್ರೋನಿನ ಕಡೆ. ಅಂಗಾಂಶದ ಚೂರಿನಲ್ಲಿ ಕ್ಷಯದ ರೋಗಾಣು ಸಿಕ್ಕಿದರೆ ತೀರ್ಮಾನವಾದಂತೆ. ಆದರೆ ಅದು ಎಷ್ಟೋ ಸಲ ಸಿಕ್ಕುವುದಿಲ್ಲ.

ಇಲ್ಲಿ ತಪ್ಪಿದರೆ ದಂಡ ದೊಡ್ಡದು. ಕ್ರೋನ್ ಕಾಯಿಲೆಗೆ ಕೊಡುವ ಔಷಧಗಳು ಮೈಯ ರಕ್ಷಣಾಶಕ್ತಿಯನ್ನು ತಗ್ಗಿಸುವಂಥವು. ಕ್ಷಯದ ರೋಗಿಗೆ ಅವನ್ನು ಕೊಟ್ಟರೆ ಕಾವಲುಗಾರನ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಕ್ಷಯ ಮೈಯೆಲ್ಲ ಹರಡಬಹುದು. ಕ್ರೋನ್ ರೋಗಿಗೆ ಕ್ಷಯದ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ನಿಜವಾದ ಕಾಯಿಲೆ ಒಳಗೆ ಬೆಳೆಯುತ್ತಾ ಹೋಗುತ್ತದೆ. ಎಷ್ಟು ನೋಡಿದರೂ ಸಂಶಯ ತೀರದಾಗ ನಮ್ಮ ದೇಶದ ವೈದ್ಯರು ಮೊದಲು ಎರಡು ಮೂರು ತಿಂಗಳು ಕ್ಷಯದ ಔಷಧ ಕೊಟ್ಟು, ಮತ್ತೊಮ್ಮೆ ಕೊಳವೆಯಿಟ್ಟು ಹುಣ್ಣು ಮಾಯಿದೆಯೇ ಎಂದು ನೋಡುವುದುಂಟು. ರಕ್ತಭೇದಿಯ ವಿಷಯದಲ್ಲಿಯೂ ಇಂಥದೇ ತೊಡಕು: ಅಮೀಬಾದಿಂದಾಗುವ ಆಮಶಂಕೆ ಅಲ್ಸರೇಟಿವ್ ಕೊಲೈಟಿಸ್ಸಿನ ವೇಷದಲ್ಲಿ ಬರಬಹುದು. ಅದನ್ನು ಅರಿಯದೆ ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಮೊಬೈಲಿನಲ್ಲಿ ನಾಲ್ಕು ಸಾಲು ಓದಿ ಔಷಧದ ಅಂಗಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಕೊಳ್ಳುವವರು ಇದನ್ನು ನೆನಪಿಡಬೇಕು.

ಚಿಕಿತ್ಸೆಯೂ ಎರಡಕ್ಕೂ ಬೇರೆ. ಐ.ಬಿ.ಎಸ್.ಗೆ ಮೊದಲ ಔಷಧ ತಿಳಿವಳಿಕೆ: ಇದು ಕ್ಯಾನ್ಸರಾಗಿ ತಿರುಗುವುದಿಲ್ಲ, ಐ.ಬಿ.ಡಿ.ಯಾಗಿಯೂ ಬೆಳೆಯುವುದಿಲ್ಲ, ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ಹೊತ್ತಿಗೆ ಸರಿಯಾದ ಊಟ, ನಿದ್ದೆ, ನಡಿಗೆ ಇವು ಉಪಕಾರಿ. ಇಸಬಗೋಲು ಹಲವರಿಗೆ ಹಿಡಿಸುತ್ತದೆ. ಆಹಾರದಲ್ಲಿ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ದೊಡ್ಡ ಕರುಳಿಗಿಳಿದು, ಹುದುಗಿ, ಗಾಳಿಯೆಬ್ಬಿಸುತ್ತವೆ. ಇವನ್ನು ಕಡಿಮೆ ಮಾಡುವ ಪಥ್ಯವನ್ನು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾನಿಲಯದವರು ರೂಪಿಸಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ಇವೆಲ್ಲ ಆ ಪಟ್ಟಿಯಲ್ಲಿವೆ. ಮೆಸ್ಸಿನ ಸಾಂಬಾರಿನಲ್ಲಿ ಇವನ್ನು ಬಿಟ್ಟರೆ ಉಳಿಯುವುದು ನೀರು ಮಾತ್ರವೆಂದು ನೀವು ಹೇಳಬಹುದು. ಎಲ್ಲವನ್ನೂ ಶಾಶ್ವತವಾಗಿ ಬಿಡಬೇಕಾಗಿಲ್ಲ. ಕೆಲವು ವಾರ ಬಿಟ್ಟು, ಒಂದೊಂದಾಗಿ ಮತ್ತೆ ತಿಂದು, ತನಗೆ ಆಗದ್ದು ಯಾವುದೆಂದು ಕಂಡುಕೊಳ್ಳಬೇಕು. ನನಗೆ ಆಗದ್ದು ಹಾಲು ಮತ್ತು ಹಸಿ ಈರುಳ್ಳಿ.

ಐ.ಬಿ.ಡಿ.ಗೆ ಪಥ್ಯವೊಂದೇ ಸಾಲದು. ಉರಿಯನ್ನು ಆರಿಸುವ ಔಷಧ ಬೇಕೇಬೇಕು. ಇದರ ಚರಿತ್ರೆ ಸ್ವಾರಸ್ಯವಾಗಿದೆ. ಸ್ವೀಡನ್ ದೇಶದ ನಾನ್ನಾ ಸ್ವಾರ್ಟ್ಸ್ ಎಂಬ ಮಹಿಳಾ ವೈದ್ಯರು ಕೀಲುವಾತಕ್ಕೆಂದು ಎರಡು ಔಷಧಗಳನ್ನು ಬೆಸೆದು ಸಲ್ಫಾಸಲಜೀನ್ ಮಾಡಿಸಿದರು. ಅದರಿಂದ ಕೊಲೈಟಿಸ್ ಗುಣಮುಖವಾಗುವುದನ್ನು ಕಂಡು 1942ರಲ್ಲಿ ಪ್ರಕಟಿಸಿದರು. ಅದೇ ಕುಲದ ಮೆಸಲಮೈನ್ ಮಾತ್ರೆ ಈಗ ನನ್ನ ಗೆಳೆಯನ ಮೇಜಿನ ಮೇಲಿದೆ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬವರು 210 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಿಂದ ಕಾರ್ಟಿಸೋನ್ ಕೊಲೈಟಿಸ್ಸಿನಲ್ಲಿ ಪ್ರಾಣ ಉಳಿಸಬಲ್ಲದೆಂದು ಸಿದ್ಧಪಡಿಸಿದರು. 1998ರಲ್ಲಿ ಇನ್‌ಫ್ಲಿಕ್ಸಿಮಾಬ್ ಎಂಬ ಹೊಸ ಬಗೆಯ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಕ್ರೋನ್ ಕಾಯಿಲೆಗಾಗಿ ಮಂಜೂರಾತಿ ದೊರೆಯಿತು. ಅಲ್ಲಿಂದೀಚೆಗೆ ಇಂಥವು ಹಲವು ಬಂದಿವೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಬಹಳ ವರ್ಷ ಉಳಿದರೆ ದೊಡ್ಡ ಕರುಳಿನ ಕ್ಯಾನ್ಸರಿನ ಭಯ ಹೆಚ್ಚುವುದರಿಂದ ಸುಮಾರು ಎಂಟು ವರ್ಷಗಳ ಅನಂತರ ಕಾಲಕಾಲಕ್ಕೆ ಕೊಳವೆಯಿಟ್ಟು ನೋಡುತ್ತಿರಬೇಕು. ಕಾಯಿಲೆ ಅಡಗಿದೆಯೆಂದು ಔಷಧ ಬಿಟ್ಟರೆ ಅದು ಮತ್ತೆ ಏಳಬಹುದು.

ಇಷ್ಟನ್ನು ಕೇಳಿ ಧೈರ್ಯಗೆಡಬೇಕಾಗಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರಿಗೆ ಹೊಟ್ಟೆನೋವು ಬಹಳ ವರ್ಷಗಳಿಂದ ಬಂದು ಹೋಗುತ್ತಿತ್ತು; 1923ರಲ್ಲಿ ಅವರ ಅಪೆಂಡಿಕ್ಸನ್ನೂ ತೆಗೆದಿದ್ದರು. ಅದು ಕ್ರೋನ್ ಕಾಯಿಲೆಯೆಂದು ತಿಳಿದದ್ದು 1956ರಲ್ಲಿ. ಆ ಜೂನ್ ತಿಂಗಳಿನಲ್ಲಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯಾಯಿತು; ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು. ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಅವರಿಗೆ ಹದಿಹರೆಯದಿಂದಲೇ ಅಲ್ಸರೇಟಿವ್ ಕೊಲೈಟಿಸ್ ಇತ್ತು. 2007ರಲ್ಲಿ ಅದು ಉಲ್ಬಣಿಸಿ ರಾಜೀನಾಮೆ ಕೊಟ್ಟರು. ಚಿಕಿತ್ಸೆಯಿಂದ ಚೇತರಿಸಿಕೊಂಡು 2012ರಲ್ಲಿ ಮತ್ತೆ ಪ್ರಧಾನಿಯಾಗಿ ಏಳು ವರ್ಷಕ್ಕೂ ಹೆಚ್ಚು ಕಾಲ ಆಳಿದರು. 2020ರಲ್ಲಿ ಅದೇ ಕಾರಣಕ್ಕೆ ಇಳಿದರು. ಅವರು ತಮ್ಮ ಕಾಯಿಲೆಯ ಹೆಸರನ್ನು ದೇಶದ ಮುಂದೆ ನಿಂತು ಹೇಳಿದರು. ಒಂದು ರಾಷ್ಟ್ರದ ಪ್ರಧಾನಿ ಹೇಳಿಕೊಂಡದ್ದನ್ನು ನಮ್ಮ ಹುಡುಗರು ಕೊಠಡಿಯ ಗೆಳೆಯನಿಗೆ ಹೇಳಲು ನಾಚುತ್ತಾರೆ.

ನಮ್ಮ ಹಿರಿಯರು ಇಂಥ ಬಾಧೆಗಳಿಗೆಲ್ಲ ‘ಗ್ರಹಣಿ’ ಎಂಬ ಒಂದೇ ಹೆಸರನ್ನು ಹೇಳುತ್ತಿದ್ದರು. ಒಳಗನ್ನು ಕಾಣುವ ಸಾಧನ ಅವರಿಗಿರಲಿಲ್ಲ. ಅದು ಅವರ ತಪ್ಪಲ್ಲ. ನಮಗೆ ಸಾಧನಗಳಿವೆ. ಆದರೆ ಸಾಧನದವರೆಗೆ ರೋಗಿಯನ್ನು ಕರೆದೊಯ್ಯಬೇಕಾದುದು ಒಂದು ಮಾತು, ಆ ಮಾತಿಗೆ ಅಡ್ಡವಾಗಿ ನಿಂತಿರುವುದು ನಾಚಿಕೆ.

ಗೆಳೆಯ ಒಂದು ವರ್ಷದ ಪರೀಕ್ಷೆಯನ್ನು ಕಳೆದುಕೊಂಡ. ಮರುವರ್ಷ ಕುಳಿತು ತೇರ್ಗಡೆಯಾದ. ಈಗ ನನಗಿಂತ ಒಂದು ತರಗತಿ ಕೆಳಗಿದ್ದಾನೆ. ಮೊನ್ನೆ ಪರೀಕ್ಷೆಯ ದಿನ ಬೆಳಗ್ಗೆ ನಾನು ಎಂದಿನಂತೆ ಮೂರನೆಯ ಸಲ ಓಡಿ ಬಂದಾಗ ಅವನು ತನ್ನ ಮಾತ್ರೆಯನ್ನು ನುಂಗುತ್ತಿದ್ದ. “ರಕ್ತ ಇದೆಯೇನೋ?” ಎಂದು ಗಂಭೀರವಾಗಿ ಕೇಳಿದ. “ಇಲ್ಲ” ಎಂದೆ. “ರಾತ್ರಿ ಎದ್ದಿದ್ದೆಯಾ?” “ಇಲ್ಲ.” “ಹಾಗಾದರೆ ಹೋಗು, ಪರೀಕ್ಷೆ ಬರೆ” ಎಂದ. ಈ ಎರಡು ಪ್ರಶ್ನೆಗಳನ್ನು ನಾನು ಅವನಿಗೆ ಕೇಳಬೇಕಾಗಿತ್ತು. ವಾಚಕ ಮಿತ್ರರು ತಮ್ಮ ಗೆಳೆಯರಿಗಾದರೂ ಕೇಳಲಿ ಎಂದೇ ಇಷ್ಟು ಬರೆದಿದ್ದೇನೆ.